ಉತ್ತರ ನಿಂತುಹೋದ ರಾತ್ರಿ: ಒಂದು ಆಪ್ತಸಲಹೆ ಪ್ರಕರಣ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ 17 ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಹಾಸ್ಟೆಲಿನ ವಾರ್ಡನ್ ನನ್ನ ಬಳಿಗೆ ಕರೆತಂದಾಗ ಅವಳು ತರಗತಿಗೆ ಹೋಗದೆ ಎಂಟು ದಿನವಾಗಿತ್ತು. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿದ್ದುದರಿಂದ ಎಲ್ಲರೂ ಇದನ್ನು ಪರೀಕ್ಷೆಯ ಭಯವೆಂದೇ ಬಗೆದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಾತು ತೊಡಗುವ ಮೊದಲೇ ಗೋಪ್ಯತೆಯ ಮಿತಿಯನ್ನು ತಿಳಿಸಿದೆ: ಅವಳ ಜೀವಕ್ಕೆ ಅಪಾಯವಿದ್ದರೆ, ಅಥವಾ 18 ತುಂಬದ ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ, ನಾನು ಸುಮ್ಮನಿರುವಂತಿಲ್ಲ, ಎರಡನೆಯದನ್ನು ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಎರಡನ್ನೂ ನೇರವಾಗಿಯೇ ಕೇಳಿದೆ. ಎರಡೂ ಇರಲಿಲ್ಲ. ಅವಳು ಹಚ್ಚಿಕೊಂಡಿದ್ದುದು ರಸಾಯನಶಾಸ್ತ್ರದ ಉಪನ್ಯಾಸಕಿಯನ್ನು; ಅವರು ಹೆಂಗಸೆಂಬ ಕಾರಣಕ್ಕೆ ಎರಡನೆಯ ಪ್ರಶ್ನೆಯನ್ನು ಕೈಬಿಡುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಹುಡುಗಿಯ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಆ ದಿನಗಳಲ್ಲಿ ಈ ಉಪನ್ಯಾಸಕಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನ ಹೇಳಿ, ‘ಯಾವಾಗ ಬೇಕಾದರೂ ಮೆಸೇಜ್ ಮಾಡು’ ಎಂದಿದ್ದರು. ಆ ಮಾತನ್ನು ಹುಡುಗಿ ಅಕ್ಷರಶಃ ನಂಬಿದಳು. ದಿನಕ್ಕೊಂದಿದ್ದ ವಾಟ್ಸಾಪ್ ಸಂದೇಶ ರಾತ್ರಿ ಒಂದು ಗಂಟೆಯವರೆಗಿನ ಮಾತುಕತೆಯಾಗಿ, ‘ಮೇಡಂ’ ಎಂಬ ಕರೆ ‘ಅಮ್ಮ’ ಎಂದಾಯಿತು. ತಮ್ಮ ಮನೆಯಲ್ಲಿ ಆಕ್ಷೇಪ ಬಂದ ದಿನ ಉಪನ್ಯಾಸಕಿ ಗಾಬರಿಗೊಂಡು, ಒಂದು ಮಾತೂ ಹೇಳದೆ ಅವಳ ನಂಬರನ್ನು ಬ್ಲಾಕ್ ಮಾಡಿದರು. ಹುಡುಗಿಗೆ ಅದು ತಾಯಿಯ ಎರಡನೆಯ ಸಾವಾಗಿತ್ತು.

ಆದ್ದರಿಂದ ಸಲಹೆಯ ಹೆಚ್ಚಿನ ಪಾಲು ಉಪನ್ಯಾಸಕಿಗೇ ಸಂದಿತು. ಗುರುವನ್ನು ತಾಯಿತಂದೆಯರ ಸಾಲಿನಲ್ಲಿ ನಿಲ್ಲಿಸುವ ನಮ್ಮ ರೂಢಿ ಗೌರವಕ್ಕೆ ಸಂಬಂಧಿಸಿದ್ದೇ ಹೊರತು, ತೆರವಾದ ತಾಯಿಯ ಜಾಗವನ್ನು ತುಂಬುವ ಹೊಣೆಯಲ್ಲ; ಗೆರೆ ಎಳೆಯುವುದು ದೊಡ್ಡವರ ಕೆಲಸ, ಎಳೆದದ್ದನ್ನು ಬಾಯಿಬಿಟ್ಟು ಹೇಳುವುದೂ ಅವರದೇ ಕೆಲಸ. ‘ನಾನು ಅವಳಿಗೆ ಮೋಸ ಮಾಡಿದೆನೇ?’ ಎಂದು ಅವರು ಅತ್ತರು. ಕನಿಕರ ತಪ್ಪಲ್ಲ, ಅಳತೆಯಿಲ್ಲದ ಭರವಸೆ ತಪ್ಪು ಎಂದೆ.

ನನ್ನ ಎದುರಿನಲ್ಲೇ ಅವರು ಹುಡುಗಿಗೆ ಹೀಗೆ ಹೇಳುವಂತೆ ಒಪ್ಪಿಸಿದೆ: ‘ನಿನ್ನ ಮೇಲೆ ಸಿಟ್ಟಿಲ್ಲ. ಹೇಳದೆ ದೂರ ಸರಿದದ್ದು ನನ್ನ ತಪ್ಪು. ನಾನು ನಿನ್ನ ಟೀಚರ್ ಆಗಿಯೇ ಇರುತ್ತೇನೆ, ಅಮ್ಮನಾಗಲು ನನ್ನಿಂದಾಗದು.’ ಮಂಗಳವಾರ ಮತ್ತು ಶುಕ್ರವಾರ ಊಟದ ಬಿಡುವಿನಲ್ಲಿ 15 ನಿಮಿಷ, ಬಾಗಿಲು ತೆರೆದ ಸ್ಟಾಫ್ ರೂಮಿನಲ್ಲಿ ಮಾತು. ಫೋನಿನಲ್ಲಿ ತರಗತಿಯ ಗುಂಪಿನೊಳಗೆ ಪಾಠದ ಪ್ರಶ್ನೆ ಮಾತ್ರ. ಪ್ರಾಂಶುಪಾಲರಿಗೂ ಈ ಏರ್ಪಾಡು ತಿಳಿದಿರಬೇಕೆಂದು ಸೂಚಿಸಿದೆ, ಏಕೆಂದರೆ ಗುಟ್ಟಾಗಿ ಉಳಿಯುವ ನಂಟಿನಲ್ಲಿ ಗೆರೆ ಬೇಗ ಮಾಸುತ್ತದೆ.

ಹುಡುಗಿಯೊಂದಿಗೆ ಗೆರೆಯ ವಿಚಾರವನ್ನು ಹೆಚ್ಚು ಎತ್ತಲಿಲ್ಲ. ಅವಳು ತಾಯಿಗಾಗಿ ಸರಿಯಾಗಿ ಅತ್ತೇ ಇರಲಿಲ್ಲ. ಉಪನ್ಯಾಸಕಿಗೆ ಕಳಿಸಬೇಕೆನಿಸಿದ್ದನ್ನು ತಾಯಿಗೆ ಬರೆದಂತೆ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಭಾನುವಾರಗಳಂದು ಚಿಕ್ಕಮ್ಮ ಬರುವಂತಾಯಿತು. ನಡುರಾತ್ರಿ ತಡೆಯಲಾಗದಿದ್ದರೆ ವಾರ್ಡನ್ನರ ಫೋನಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದು ತಿಳಿಸಿದೆ.

ಎರಡು ಭೇಟಿಗಳಲ್ಲಿ ಅವಳು ನನ್ನೊಂದಿಗೆ ಮಾತನ್ನೇ ಆಡಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಎರಡು ಪತ್ರಿಕೆಗಳು ತಪ್ಪಿದವು, ವಾರ್ಷಿಕ ಪರೀಕ್ಷೆ ತಪ್ಪಲಿಲ್ಲ. ಕೊನೆಯ ಶುಕ್ರವಾರ ಅವಳು ಸ್ಟಾಫ್ ರೂಮಿಗೆ ಹೋಗಲು ಮರೆತಿದ್ದಳು. ಹದಿನೈದು ನಿಮಿಷ ಕಾದ ಉಪನ್ಯಾಸಕಿ ನನಗೆ ಕರೆ ಮಾಡಿ, ಅವಳು ಬರಲಿಲ್ಲವೆಂದು ತಮಗೇಕೆ ಬೇಸರವಾಗುತ್ತಿದೆ ಎಂದು ಕೇಳಿದರು. ಮುಂದಿನ ವಾರ ಅವರಿಗೇ ಒಂದು ಸಮಯ ಕೊಟ್ಟೆ.