ಓದುಗರ ಪ್ರಶ್ನೆ: ಹಾಯಿದೋಣಿಯ ಹಗ್ಗ, ತಂತಿ, ತಿರುಪು

ಈ ಸಲದ ನಾಲ್ಕೂ ಪ್ರಶ್ನೆ ಬಯಲುಸೀಮೆಯಿಂದಲೇ ಬಂದಿವೆ. ಘಟ್ಟ ಇಳಿದರೆ ಕಾರವಾರ, ಆಶ್ಚರ್ಯಪಡುವಂಥದ್ದೇನಿಲ್ಲ.

ನಾವು ಮೂರು ಮಂದಿ ಕೂಡಿ 30 ಅಡಿಯ ಹಳೇ ಹಾಯಿದೋಣಿ ತಗೊಂಡೀವಿ. ದೊಡ್ಡ ಹಾಯಿ ಏರಿಸಾಕ, ಇಳಿಸಾಕ ಪ್ರತಿ ಸಲ ಮಾಸ್ಟ್ (ಹಾಯಿಕಂಬ) ತನಕ ಹೋಗಬೇಕು. ಹಗ್ಗ ಎಲ್ಲಾ ಕಾಕ್‌ಪಿಟ್‌ಗೆ (ಚುಕ್ಕಾಣಿ ಹಿಡಿದು ಕೂರೋ ಜಾಗಕ್ಕ) ತರಬೇಕಂತೀವಿ. ಏನೇನು ಬೇಕು? — ವಿದ್ಯಾನಗರ, ಹುಬ್ಬಳ್ಳಿ

ತರುವುದಾದರೆ ಪೂರ್ತಿ ತನ್ನಿ, ಇಲ್ಲವಾದರೆ ಕೈ ಹಾಕಬೇಡಿ. ಹ್ಯಾಲಿಯರ್ಡ್ (ಹಾಯಿ ಏರಿಸುವ ಹಗ್ಗ) ಮಾತ್ರ ಹಿಂದಕ್ಕೆ ತಂದು, ಜೋರು ಗಾಳಿಗೆ ಹಾಯಿಯನ್ನು ಕಿರಿದಾಗಿಸುವ ರೀಫ್ ಕೊಕ್ಕೆಯನ್ನು ಮಾಸ್ಟ್ ಬಳಿಯೇ ಬಿಟ್ಟರೆ ಗಾಳಿ ಜೋರಾದಾಗ ಒಬ್ಬರು ಮುಂದೆ, ಒಬ್ಬರು ಹಿಂದೆ ನಿಂತು ಕೂಗಾಡಬೇಕಾಗುತ್ತದೆ. ಮೊದಲಿನದೇ ವಾಸಿ ಅನಿಸುತ್ತದೆ. ಕನಿಷ್ಠ ಹ್ಯಾಲಿಯರ್ಡ್, ಮೊದಲ ರೀಫ್ ಹಗ್ಗ, ಎರಡನೇ ರೀಫ್ ಹಗ್ಗ ಈ ಮೂರೂ ಒಟ್ಟಿಗೆ ಬರಬೇಕು.

ಪ್ರತಿ ಹಗ್ಗಕ್ಕೆ ಬೇಕಾದ್ದು ಮಾಸ್ಟ್ ಬುಡದಲ್ಲಿ ಒಂದು ಬ್ಲಾಕ್ (ರಾಟೆ), ಡೆಕ್ ಮೇಲೆ ದಿಕ್ಕು ತಿರುಗಿಸುವ ಆರ್ಗನೈಸರ್, ಕ್ಯಾಬಿನ್ ಹಿಂಬದಿಯಲ್ಲಿ ಹಗ್ಗ ಕಚ್ಚಿ ಹಿಡಿಯುವ ಒಂದು ಕ್ಲಚ್. ಮೂರಕ್ಕೂ ಸೇರಿ ಹಗ್ಗ ಸುತ್ತಿ ಎಳೆಯುವ ಒಂದು ವಿಂಚ್ ಸಾಕು. ಹ್ಯಾಲಿಯರ್ಡ್ ಉದ್ದವನ್ನು ಹೀಗೆ ಲೆಕ್ಕ ಹಾಕಿ: ಮಾಸ್ಟ್ ಎತ್ತರದ ಎರಡರಷ್ಟು, ಬುಡದಿಂದ ವಿಂಚ್‌ವರೆಗಿನ ದೂರ, ಮೇಲೆ 2 ಮೀಟರ್. ಮಾಸ್ಟ್ 11 ಮೀಟರ್, ವಿಂಚ್ 4 ಮೀಟರ್ ದೂರ ಎಂದರೆ 28 ಮೀಟರ್. 10 ಮಿ.ಮೀ. ದಪ್ಪದ, ಹೆಣೆದ ಪಾಲಿಯೆಸ್ಟರ್ ಹಗ್ಗ ಆದೀತು.

ಹೆಚ್ಚಿನವರು ಎಡವುವುದು ಬುಡದ ಬ್ಲಾಕಿನಲ್ಲಿ. ಮೇಲಿನಿಂದ ಇಳಿದ ಹಗ್ಗ ಅಲ್ಲಿ 90 ಡಿಗ್ರಿ ತಿರುಗುತ್ತದೆ. ಹ್ಯಾಲಿಯರ್ಡ್ ಬಿಗಿತ 300 ಕೆ.ಜಿ. ಇದ್ದರೆ ಬ್ಲಾಕಿನ ಮೇಲೆ ಓರೆಯಾಗಿ ಸುಮಾರು 425 ಕೆ.ಜಿ. ಬೀಳುತ್ತದೆ, ಅದರಲ್ಲಿ 300 ಕೆ.ಜಿ. ನೇರ ಮೇಲಕ್ಕೆ ಎಳೆಯುವ ಬಲ. ಬ್ಲಾಕನ್ನು ಬರೀ ಡೆಕ್‌ಗೆ ಬೋಲ್ಟ್ ಮಾಡಿದ್ದರೆ ಡೆಕ್ಕೇ ಉಬ್ಬಿ ಬಿರುಕು ಬಿಡುತ್ತದೆ, ಒಳಗೆ ನೀರು ಸೇರುತ್ತದೆ. ಬ್ಲಾಕುಗಳನ್ನು ಮಾಸ್ಟ್ ಕೂರುವ ಪಾದಕ್ಕೇ ಕಟ್ಟಬೇಕು. ಡೆಕ್‌ಗೇ ಹಾಕುವುದು ಅನಿವಾರ್ಯವಾದರೆ ಡೆಕ್‌ನಿಂದ ಮಾಸ್ಟ್‌ಗೆ ಒಂದು ಬಿಗಿ ಸರಳು ಕೊಡಿ.

ಡೆಕ್ ನಡುವೆ ಬಾಲ್ಸಾ ಮರದ ತಿರುಳಿದ್ದರೆ ರಂಧ್ರ ಕೊರೆದು ನೇರ ಬೋಲ್ಟ್ ಹಾಕಬೇಡಿ. 8 ಮಿ.ಮೀ. ಬೋಲ್ಟ್‌ಗೆ 12 ಮಿ.ಮೀ. ಕೊರೆದು, ಮಂದವಾಗಿ ಕಲಸಿದ ಎಪಾಕ್ಸಿ ಅಂಟು ತುಂಬಿ, ಅದು ಒಣಗಿದ ಮೇಲೆ ನಡುವೆ 8 ಮಿ.ಮೀ. ಕೊರೆಯಿರಿ. ಕೆಳಗಿಡುವ 6 ಮಿ.ಮೀ. ಅಲ್ಯೂಮಿನಿಯಂ ತಟ್ಟೆಯನ್ನು ಗೋಕುಲ ರಸ್ತೆಯ ಯಾವ ವರ್ಕ್‌ಶಾಪ್‌ನಲ್ಲಾದರೂ ಕತ್ತರಿಸಿ ಕೊಡುತ್ತಾರೆ.

ಇನ್ನೊಂದು ಮಾತು. ಪ್ರತಿ ತಿರುವೂ ಘರ್ಷಣೆ ಹೆಚ್ಚಿಸುವುದರಿಂದ, ಮೊದಲು ತಾನಾಗಿ ಇಳಿಯುತ್ತಿದ್ದ ಹಾಯಿ ಈಗ ಅರ್ಧಕ್ಕೇ ನಿಂತೀತು. ಬಾಲ್ ಬೇರಿಂಗ್ ಇರುವ ಬ್ಲಾಕು ತರಿಸಿ. ಹಾಯಿಯ ನೆತ್ತಿಗೆ 5 ಮಿ.ಮೀ. ಇಳಿಹಗ್ಗವೊಂದನ್ನು ಕಟ್ಟಿ ಅದನ್ನೂ ಹಿಂದಕ್ಕೆ ತನ್ನಿ.

ಹಿಂದಿನಿಂದ ಗಾಳಿ ಬೀಸುವಾಗ ಬೂಮ್ (ಹಾಯಿಯ ಕೆಳ ಅಂಚಿನ ಅಡ್ಡಕೋಲು) ಥಟ್ಟನೆ ಆ ಕಡೆಗೆ ಹೊಡೆಯುತ್ತದೆ. ನಡುಭಾಗಕ್ಕೆ ಹಗ್ಗ ಹಾಕಿ ಪಕ್ಕದ ಕಂಬಿಗೆ ಕಟ್ಟಿದರೆ ಸಾಕೇ? — ಧಾರವಾಡ

ಸಾಲದು. ದೋಣಿ ಹೊರಳಿ ಬೂಮ್ ತುದಿ ನೀರಿಗೆ ಬಡಿದರೆ, ನಡುವೆ ಕಟ್ಟಿದ ಬೂಮ್ ಅಲ್ಲಿಯೇ ಮುರಿಯುತ್ತದೆ. ಕಂಬಿಯಂತೂ ಅದಕ್ಕೂ ಮೊದಲು ಬಾಗುತ್ತದೆ. ಬೂಮ್‌ನ ಹಿಂತುದಿಯಿಂದ 10 ಅಥವಾ 12 ಮಿ.ಮೀ. ಹಗ್ಗ ಹೊರಟು, ಶ್ರೌಡ್‌ಗಳ (ಮಾಸ್ಟನ್ನು ಎಡಬಲದಿಂದ ಹಿಡಿದ ತಂತಿಗಳ) ಹೊರಗಿನಿಂದ ಹೋಗಿ, ಮೂತಿಯ ಬಳಿಯ ಬ್ಲಾಕಿನಲ್ಲಿ ತಿರುಗಿ, ಕಾಕ್‌ಪಿಟ್‌ಗೆ ಮರಳಬೇಕು. ಹಿಗ್ಗದ ಡೈನೀಮಾ ಇಲ್ಲಿ ಬೇಡ. ಏಟು ತಾಳಿಕೊಳ್ಳಲು ಹಗ್ಗಕ್ಕೆ ಸ್ವಲ್ಪ ಹಿಗ್ಗು ಬೇಕು. ತುದಿಯನ್ನು ಗಂಟು ಹಾಕದೆ ಕ್ಲೀಟ್ ಅಥವಾ ವಿಂಚ್‌ಗೆ ಸುತ್ತಿ. ಹಾಯಿ ಉಲ್ಟಾ ಗಾಳಿ ಹಿಡಿದಾಗ ಅದನ್ನು ಮೆಲ್ಲಗೆ ಸಡಿಲಿಸಲು ಬರಬೇಕು.

ಮಾಸ್ಟ್ ಹಿಡಿದಿರುವ ತಂತಿ ಬದಲಿಸಬೇಕಾಗಿದೆ. ಭಾಗಗಳನ್ನು ಇಲ್ಲೇ ಮಾಡಿಸಬಹುದೇ? ಬಿಗಿ ಎಷ್ಟಿರಬೇಕು? — ಗದಗ

ತಂತಿಯನ್ನು ದೋಣಿಯ ಒಡಲಿಗೆ ಕಟ್ಟುವ ಚೈನ್‌ಪ್ಲೇಟ್ ಮಾಡಿಸಬಹುದು, 316 ಸ್ಟೇನ್‌ಲೆಸ್ ಸ್ಟೀಲ್ ಸಿಕ್ಕರೆ ಮಾತ್ರ. 304ರಲ್ಲಿ ಮಾಲಿಬ್ಡಿನಂ ಇಲ್ಲ, ಉಪ್ಪುನೀರಿಗೆ ಬೇಗ ಸೋಲುತ್ತದೆ. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ನಂಬಬೇಡಿ: ಬಾಗಿಸಿದ, ತಣ್ಣಗೆ ಎಳೆದ 316 ಕೂಡ ಕೊಂಚ ಅಂಟುತ್ತದೆ. ಕಾರ್ಖಾನೆಯ ಸರ್ಟಿಫಿಕೇಟ್ ಕೇಳಿ. ಹಳೆಯ ಪ್ಲೇಟ್ ಹೊರಗೆ ಹೊಳೆಯುತ್ತಿದ್ದರೂ ಬಿಚ್ಚಿ ನೋಡಲೇಬೇಕು. ಡೆಕ್ ದಾಟುವ ಜಾಗದಲ್ಲಿ ಗಾಳಿಯಾಡದೆ ನೀರು ನಿಂತು, ಕಣ್ಣಿಗೆ ಕಾಣದಂತೆ ಒಳಗೇ ತಿನ್ನುತ್ತದೆ.

ತಂತಿಯ ತುದಿ ಮಾತ್ರ ಇಲ್ಲಿ ಬೇಡ. ಸುತ್ತಿಗೆಯಿಂದ ಒತ್ತಿದ ತುದಿ ಕಳಚಿದರೆ ಮಾಸ್ಟೇ ಹೋಯಿತು. ಎರಡು ಸ್ಪ್ಯಾನರ್‌ನಿಂದ ಕೂರಿಸುವ ಸ್ಟಾ-ಲೋಕ್ ಮಾದರಿಯ ತುದಿಗಳು ಬರುತ್ತವೆ, ಅವನ್ನು ತರಿಸಿ. ಪೆಂಡಾಲಿಗೆ ಬಳಸುವ ಕೊಕ್ಕೆಯ ಟರ್ನ್‌ಬಕಲ್ (ತಂತಿ ಬಿಗಿ ಮಾಡುವ ತಿರುಪು) ಅಗ್ಗವಾಗಿ ಸಿಗುತ್ತದೆ, ನಿಜ. ಭಾರ ಬಿದ್ದಾಗ ಆ ಕೊಕ್ಕೆ ಬಿಡಿಸಿಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ.

ಬಿಗಿ ಅಳೆಯಲು ಮೀಟರ್ ಕೊಳ್ಳಬೇಕಿಲ್ಲ. 2 ಮೀಟರ್ ಉದ್ದದ ಪಟ್ಟಿಯ ಮೇಲ್ತುದಿಯನ್ನು ಸಡಿಲ ತಂತಿಗೆ ಟೇಪ್‌ನಿಂದ ಅಂಟಿಸಿ, ಕೆಳತುದಿ ಇರುವಲ್ಲಿ ತಂತಿಗೆ ಗುರುತು ಹಾಕಿ. ಬಿಗಿ ಮಾಡುತ್ತ ಹೋದಂತೆ ಗುರುತು ಕೆಳಗೆ ಸರಿಯುತ್ತದೆ. 1×19 (19 ಎಳೆ ಹೊಸೆದ) ತಂತಿಯಲ್ಲಿ ಪ್ರತಿ 1 ಮಿ.ಮೀ. ಸರಿದರೆ ತುಂಡಾಗುವ ಭಾರದ ಶೇ 5ರಷ್ಟು ಬಿಗಿ ಎಂದರ್ಥ. ಮಾಸ್ಟ್ ನೆತ್ತಿಗೆ ಹೋಗುವ ಶ್ರೌಡ್‌ಗೆ 3ರಿಂದ 4 ಮಿ.ಮೀ. ಸಾಕು. ಎಡಬಲ ಎರಡೂ ಕಡೆಯ ಟರ್ನ್‌ಬಕಲ್ ಒಂದೊಂದೇ ಸುತ್ತು ತಿರುಗಿಸಿ. ಮುಗಿದ ಮೇಲೆ ಸ್ಪ್ಲಿಟ್ ಪಿನ್ ಹಾಕಿ, ತುದಿಗಳನ್ನು ತುಸುವೇ ಅಗಲಿಸಿ. ಪೂರ್ತಿ ಮಡಚಿದರೆ ತುರ್ತಿಗೆ ಬಿಚ್ಚಲು ಬರುವುದಿಲ್ಲ.

ಡೆಕ್ ಮೇಲೆ ನಡೆಯುವಾಗ ಬೆಲ್ಟ್ ಸಿಕ್ಕಿಸುವ ಉದ್ದದ ದಾರಕ್ಕೆ ಏನು ಬಳಸಬೇಕು? — ರಾಣೇಬೆನ್ನೂರು

25 ಮಿ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ದುಂಡು ತಂತಿ ಕಾಲಡಿ ಉರುಳುತ್ತದೆ. ಸಾಧ್ಯವಾದಷ್ಟು ದೋಣಿಯ ನಡುಗೆರೆಗೆ ಹತ್ತಿರ ಎಳೆಯಿರಿ, ಆಗ ಗಿಡ್ಡ ಬೆಲ್ಟಿನಲ್ಲಿ ಕಂಬಿ ದಾಟಿ ಬೀಳುವುದು ಕಷ್ಟ. ಹಿಂತುದಿಗೆ 2 ಮೀಟರ್ ಮೊದಲೇ ಪಟ್ಟಿ ನಿಲ್ಲಲಿ. ಇಲ್ಲವಾದರೆ ಬಿದ್ದವರು ದೋಣಿಯ ಹಿಂದೆ ನೀರಿನಲ್ಲಿ ಎಳೆಸಿಕೊಂಡು ಹೋಗುತ್ತಾರೆ. ಲಂಗರು ಹಾಕಿದ ಮೇಲೆ ಬಿಚ್ಚಿ ಒಳಗಿಡಿ, ಬಿಸಿಲು ಹೊಲಿಗೆಯನ್ನು ತಿನ್ನುತ್ತದೆ. ಅಂದ ಹಾಗೆ, ನಿಮ್ಮ ಪಕ್ಕದ ಕಂಬಿಗಳ ತಂತಿಗೆ ಬಿಳಿ ಪ್ಲಾಸ್ಟಿಕ್ ಹೊದಿಕೆ ಇದ್ದರೆ ತೆಗೆಸಿ, ಬರಿ ತಂತಿ ಹಾಕಿಸಿ. ಹೊದಿಕೆಯೊಳಗೆ ತುಕ್ಕು ಹಿಡಿದದ್ದು ತಂತಿ ತುಂಡಾಗುವವರೆಗೂ ಕಾಣುವುದಿಲ್ಲ.