ಕುಮಟಾದಲ್ಲಿ ಬಿಎಸ್ಸಿ ಮುಗಿಸಿ ಮಿದುಳಿನ ಸಂಶೋಧನೆಗೆ ಹೋಗುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕುಮಟಾದಲ್ಲಿ ಬಿಎಸ್ಸಿ ಕೊನೆಯ ವರ್ಷ, ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ಮನೆಯಲ್ಲಿ ಬಿ.ಎಡ್ ಮಾಡು ಅನ್ನುತ್ತಿದ್ದಾರೆ. ನಿಮಗೆ ಮಿದುಳು, ಭಾಷೆ, ನೆನಪು ಇವುಗಳ ಮೇಲೆ ಸಂಶೋಧನೆ ಮಾಡುವ ಆಸೆ. ಸೈಕಾಲಜಿ ಓದಿಲ್ಲ, ಕೋಡಿಂಗ್ ಬರುವುದಿಲ್ಲ. ಕಾಗ್ನಿಟಿವ್ ಸೈನ್ಸ್ (ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬ ಅಧ್ಯಯನ) ಹಿಡಿಯಬೇಕೋ ನ್ಯೂರೋಸೈನ್ಸ್ (ನರವಿಜ್ಞಾನ) ಹಿಡಿಯಬೇಕೋ, ಎಲ್ಲಿ, ಯಾವ ಪರೀಕ್ಷೆ ಬರೆದು?

ಕೋರ್ಸಿನ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕುತೂಹಲಕ್ಕೆ ಉತ್ತರ ಸಿಗಬೇಕಾದರೆ ಏನನ್ನು ಅಳೆಯಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ನೆನಪನ್ನೇ ತೆಗೆದುಕೊಳ್ಳಿ. ಎರಡು ನರಕೋಶಗಳ ನಡುವಿನ ಕೊಂಡಿ ಹೇಗೆ ಗಟ್ಟಿಯಾಗುತ್ತದೆ ಎಂದು ತಿಳಿಯಬೇಕಾದರೆ ಇಲಿಯ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ತೆಳು ಹೋಳಿಗೆ ಎಲೆಕ್ಟ್ರೋಡ್ ಇಡಬೇಕು. ಅದು ನ್ಯೂರೋಸೈನ್ಸ್, ಅಲ್ಲಿ ನಿಮ್ಮ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಎರಡೂ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಒಬ್ಬ ಮನುಷ್ಯ ಪದಗಳ ಪಟ್ಟಿಯಲ್ಲಿ ಯಾವುದನ್ನು ಮರೆಯುತ್ತಾನೆ, ಏಕೆ ಎಂದು ಕೇಳುವುದಾದರೆ ಉತ್ತರದ ವೇಗ, ತಪ್ಪುಗಳ ಸಂಖ್ಯೆ, ಇಇಜಿ (ನೆತ್ತಿಯ ಮೇಲೆ ಸಿಗುವ ಮಿದುಳಿನ ವಿದ್ಯುತ್ ಸಂಕೇತ) ಅಳೆಯಬೇಕು. ಅದು ಕಾಗ್ನಿಟಿವ್ ಸೈನ್ಸ್. ಭಾಷೆಯ ವಿಷಯದಲ್ಲಂತೂ ಆಯ್ಕೆಯೇ ಇಲ್ಲ. ಓದು, ಪದ, ವ್ಯಾಕರಣ ಇಲಿಗಿಲ್ಲ, ಮನುಷ್ಯರ ಮೇಲೆಯೇ ಅಧ್ಯಯನ ನಡೆಯಬೇಕು. ಹಾಗಾಗಿ ಭಾಷೆಯೇ ಮುಖ್ಯ ಅನ್ನಿಸಿದರೆ ಕಾಗ್ನಿಟಿವ್ ಸೈನ್ಸ್ ಕಡೆ ವಾಲಿ. ನೆನಪಿನ ಜೀವರಸಾಯನವೇ ಸೆಳೆಯುತ್ತಿದ್ದರೆ ನ್ಯೂರೋಸೈನ್ಸ್.

ಕಾಗ್ನಿಟಿವ್ ಸೈನ್ಸ್‌ಗೆ ಐಐಟಿ ಗಾಂಧಿನಗರದ ಎಂಎಸ್ಸಿ ನೋಡಿ. ಯಾವ ವಿಷಯದ ಪದವೀಧರರೂ ಅರ್ಜಿ ಹಾಕಬಹುದು, ಸೈಕಾಲಜಿ ಓದಿರಲೇಬೇಕೆಂದಿಲ್ಲ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ 2002ರಿಂದ ಇದಕ್ಕೆಂದೇ ಒಂದು ಕೇಂದ್ರವಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ನರವಿಜ್ಞಾನ, ಕಾಗ್ನಿಟಿವ್ ಸೈನ್ಸ್ ಎರಡೂ ಒಟ್ಟಿಗಿವೆ. ಐಐಟಿ ಕಾನ್ಪುರದಲ್ಲಿ ಪ್ರತ್ಯೇಕ ವಿಭಾಗವಿದ್ದು, ಅಲ್ಲಿಗೆ ಕಾಗ್‌ಜೆಟ್ ಎಂಬ ಪ್ರವೇಶ ಪರೀಕ್ಷೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ನಮ್ಮ ಕಡೆಯವರು ಮರೆತೇಬಿಡುತ್ತಾರೆ. ಭಾಷೆ ಮತ್ತು ಮಿದುಳಿನ ಮೇಲೆ ಕನ್ನಡದಲ್ಲೇ ಕೆಲಸ ನಡೆಯುವ ಜಾಗ ಅದು. ಅಲ್ಲಿನ ಎಂಎಸ್ಸಿಗೆ ಅದೇ ವಿಷಯದ ಪದವಿ ಬೇಕಾದರೂ ಅಲ್ಲಿಂದ ಹೊರಬಂದ ಸಂಶೋಧನಾ ಲೇಖನಗಳನ್ನು ಈಗಿನಿಂದಲೇ ಓದಿ.

ನ್ಯೂರೋಸೈನ್ಸ್‌ಗೆ ಬೆಂಗಳೂರೇ ಸಾಕಷ್ಟು ದೊಡ್ಡದು: ಐಐಎಸ್‌ಸಿಯ ಸೆಂಟರ್ ಫಾರ್ ನ್ಯೂರೋಸೈನ್ಸ್, ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಜಕ್ಕೂರಿನ ಜೆಎನ್‌ಸಿಎಎಸ್‌ಆರ್, ನಿಮ್ಹಾನ್ಸ್. ಹರಿಯಾಣದ ಮಾನೇಸರ್‌ನಲ್ಲಿ ಎನ್‌ಬಿಆರ್‌ಸಿ (ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ) ಇದೆ. ಎನ್‌ಸಿಬಿಎಸ್‌ನ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಬಿಎಸ್ಸಿ ಸಾಕು, ಮಧ್ಯೆ ಎಂಎಸ್ಸಿ ಪದವಿಯೂ ಸಿಗುತ್ತದೆ. ಅದಕ್ಕೆ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನಡೆಸುವ ಜೆಜೀಬಿಲ್ಸ್ ಪರೀಕ್ಷೆ ಡಿಸೆಂಬರ್‌ನಲ್ಲಿ ಬರುತ್ತದೆ, ಅರ್ಜಿಯ ಗಡುವು ಬಹಳ ಮೊದಲೇ ಮುಗಿದಿರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹುಡುಗ ಹುಡುಗಿಯರಿಗೆ ಈ ಅವಕಾಶ ತಪ್ಪುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಫೈನಲ್ ಪರೀಕ್ಷೆ ಮುಗಿಸಿ ಜೂನ್‌ನಲ್ಲಿ ಹುಡುಕಲು ಕುಳಿತರೆ ಒಂದಿಡೀ ವರ್ಷ ಹೋಯಿತು. ಆ ಪರೀಕ್ಷೆಯಲ್ಲಿ ಜೀವಶಾಸ್ತ್ರದ ಜೊತೆ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರವೂ ಇರುತ್ತದೆ. ಕಂಠಪಾಠಕ್ಕಿಂತ ಗ್ರಾಫ್ ಓದಿ ತರ್ಕಿಸುವುದೇ ಹೆಚ್ಚು. ಸಂಭಾವ್ಯತೆ ಮತ್ತು ಲಾಗರಿದಮ್ ಮತ್ತೊಮ್ಮೆ ತಿರುವಿಹಾಕಿ.

ಊರು ಬಿಟ್ಟು ತಕ್ಷಣ ಹೋಗಲಾಗದಿದ್ದರೆ ಇನ್ನೊಂದು ದಾರಿ ಇದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವಿದೆ. ಅಲ್ಲಿ ಎಂಎಸ್ಸಿ ಮಾಡಿ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಲೈಫ್ ಸೈನ್ಸಸ್ ಬರೆದು ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಗಳಿಸಿದರೆ ನ್ಯೂರೋಸೈನ್ಸ್ ಪಿಎಚ್‌ಡಿ ಸಂದರ್ಶನಕ್ಕೆ ಯಾರೂ ಬಾಗಿಲು ಹಾಕುವುದಿಲ್ಲ. ನೆಟ್ 200 ಅಂಕದ ಪರೀಕ್ಷೆ, 3 ಗಂಟೆ. ಅದರಲ್ಲಿ 100 ಅಂಕ ಸಿ ಭಾಗದ್ದು: 75 ಪ್ರಶ್ನೆ ಕೊಟ್ಟು 25 ಬಿಡಿಸಿ ಅನ್ನುತ್ತಾರೆ, ಒಂದಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಗೊತ್ತಿಲ್ಲದ್ದನ್ನು ಮುಟ್ಟದೆ ಬಿಡುವ ಶಿಸ್ತು ಇಲ್ಲದವರು ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ.

ಇನ್ನು ಕೋಡಿಂಗ್ ಮತ್ತು ಸೈಕಾಲಜಿ. ಇವೆರಡನ್ನೂ ಪುಸ್ತಕ ಹಿಡಿದು ಮೊದಲಿನಿಂದ ಓದಲು ಹೊರಡಬೇಡಿ. ಒಂದು ಸಣ್ಣ ಪ್ರಯೋಗವನ್ನು ನೀವೇ ಮಾಡಿ ಮುಗಿಸಿ. ಹತ್ತು ಸರ್ಟಿಫಿಕೇಟ್‌ಗಿಂತ ಅದು ಸಂದರ್ಶನದಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಬೇಕಾಗುವುದು ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಸೈಕೋಪೈ ತಂತ್ರಾಂಶ, ಒಂದು ನಿಶ್ಶಬ್ದ ಕೋಣೆ.

ಪ್ರಯೋಗ ಹೀಗಿರಲಿ. ಬಳಕೆಯ ಪದವನ್ನು ಅಪರೂಪದ ಪದಕ್ಕಿಂತ ಬೇಗ ಗುರುತಿಸುತ್ತೇವೆಯೇ ಎಂಬುದು ಪ್ರಶ್ನೆ. ತೆರೆಯ ಮೇಲೆ ಒಂದು ಅಕ್ಷರಗುಂಪು ಬರುತ್ತದೆ, ಅದು ಕನ್ನಡ ಪದ ಹೌದೋ ಅಲ್ಲವೋ ಎಂದು ಆದಷ್ಟು ಬೇಗ ಕೀಲಿ ಒತ್ತಬೇಕು. 20 ಬಳಕೆಯ ಪದ, 20 ಅಪರೂಪದ ಪದ, 40 ಸುಳ್ಳುಪದ. ಸುಳ್ಳುಪದ ಮಾಡುವಾಗ ನಿಜವಾದ ಪದದ ಒಂದಕ್ಷರ ಮಾತ್ರ ಬದಲಿಸಿ: ‘ಕಮಲ’ ಇದ್ದದ್ದು ‘ಕಮಚ’ ಆಗಲಿ. ಎಲ್ಲ ಗುಂಪುಗಳಲ್ಲೂ ಅಕ್ಷರಗಳ ಸಂಖ್ಯೆ, ಒತ್ತಕ್ಷರಗಳ ಸಂಖ್ಯೆ ಸಮನಾಗಿರಬೇಕು. ಅಪರೂಪದ ಪದಗಳಲ್ಲೆಲ್ಲ ಒತ್ತಕ್ಷರ ತುಂಬಿದ್ದರೆ ನೀವು ಅಳೆದದ್ದು ಬಳಕೆಯ ಪ್ರಭಾವವೋ ಒತ್ತಕ್ಷರದ ಪ್ರಭಾವವೋ ಬೇರ್ಪಡಿಸಲಾಗುವುದಿಲ್ಲ. ಯಾವುದು ಬಳಕೆಯ ಪದ ಎಂದು ನೀವೇ ತೀರ್ಮಾನಿಸಬೇಡಿ. ಪ್ರಯೋಗದಲ್ಲಿ ಇಲ್ಲದ ಹತ್ತು ಜನರಿಂದ 1ರಿಂದ 7ರವರೆಗೆ ಅಂಕ ಹಾಕಿಸಿ.

ಪ್ರತಿ ಸಲ ಮೊದಲು 500 ಮಿಲಿಸೆಕೆಂಡ್ ಒಂದು ಕೂಡು ಚಿಹ್ನೆ, ನಂತರ ಪದ, ಉತ್ತರ ಬರದಿದ್ದರೆ 2000 ಮಿಲಿಸೆಕೆಂಡ್‌ಗೆ ಮುಂದಿನದು. ಮೊದಲ ಹತ್ತು ಅಭ್ಯಾಸಕ್ಕೆ, ಲೆಕ್ಕಕ್ಕಿಲ್ಲ. ಅರ್ಧ ಜನರಿಗೆ ಬಲಗೈ ‘ಹೌದು’, ಇನ್ನರ್ಧ ಜನರಿಗೆ ಎಡಗೈ ‘ಹೌದು’. ಎಲ್ಲರಿಗೂ ಬಲಗೈ ಕೊಟ್ಟರೆ ಬಲಗೈಯ ಚುರುಕೇ ಪದ ಗುರುತಿಸುವ ಚುರುಕಾಗಿ ಕಾಣಿಸುತ್ತದೆ. 24 ಜನ ಸಿಕ್ಕರೆ ಕಲಿಕೆಗೆ ಸಾಕು.

ಇಲ್ಲಿ ಕೆಡುವುದು ಏನೇನು ಅಂದರೆ, ಮೊದಲನೆಯದು ಕನ್ನಡ ಲಿಪಿ. ಸೈಕೋಪೈಯಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ‘ಸ್ತ್ರೀ’ಯಂಥದ್ದು ಬಿಡಿಬಿಡಿಯಾಗಿ ಬರುವ ಸಂಭವವಿದೆ. ಪ್ರತಿ ಪದವನ್ನೂ ಒಂದೇ ಫಾಂಟ್, ಒಂದೇ ಅಳತೆಯ ಚಿತ್ರವಾಗಿ ಉಳಿಸಿ ಆ ಚಿತ್ರ ತೋರಿಸಿ. ಎರಡನೆಯದು ತೆರೆಯ ವೇಗ. ಸಾಮಾನ್ಯ ಲ್ಯಾಪ್‌ಟಾಪ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಒಂದು ಫ್ರೇಮ್ 16.7 ಮಿಲಿಸೆಕೆಂಡ್. 100 ಮಿಲಿಸೆಕೆಂಡ್ ತೋರಿಸಬಹುದು, ಅದು ಸರಿಯಾಗಿ 6 ಫ್ರೇಮ್. 110 ತೋರಿಸು ಅಂದರೆ ಸರಿಯಾಗಿ 110 ಆಗದು, 6 ಫ್ರೇಮ್ ಅಥವಾ 7 ಫ್ರೇಮ್ ಆಗುತ್ತದೆ. ಮೂರನೆಯದು ಬ್ಲೂಟೂತ್ ಕೀಬೋರ್ಡ್. ಸದಾ ಒಂದೇ ಅಳತೆಯ ತಡವಾಗಿದ್ದರೆ ತೊಂದರೆ ಇರಲಿಲ್ಲ, ಏಕೆಂದರೆ ನಾವು ನೋಡುವುದು ಎರಡು ಗುಂಪಿನ ಪದಗಳ ನಡುವಿನ ವ್ಯತ್ಯಾಸ. ಆದರೆ ಅದರ ತಡ ಒಂದೊಂದು ಸಲ ಒಂದೊಂದು ಬಗೆ, ನಾವು ಹುಡುಕುವ ಹತ್ತಾರು ಮಿಲಿಸೆಕೆಂಡ್‌ಗಳ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ. ಲ್ಯಾಪ್‌ಟಾಪಿನದೇ ಕೀಬೋರ್ಡ್ ಬಳಸಿ.

ಲೆಕ್ಕ ಹಾಕುವಾಗ ತಪ್ಪು ಉತ್ತರಗಳನ್ನೂ 200 ಮಿಲಿಸೆಕೆಂಡ್‌ಗಿಂತ ಬೇಗ ಬಂದವನ್ನೂ ಬೇರೆ ತೆಗೆಯಿರಿ. ಅಷ್ಟು ಬೇಗ ಓದಿ ಉತ್ತರಿಸಲು ಯಾರಿಗೂ ಆಗದು. ಈ ನಿಯಮವನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ. ನೋಡಿದ ಮೇಲೆ ನಿಯಮ ಮಾಡಿದರೆ ನಮಗೆ ಬೇಕಾದ ಫಲಿತಾಂಶದ ಕಡೆಗೆ ಕೈ ವಾಲುತ್ತದೆ. ಉತ್ತರದ ಸಮಯಗಳು ಬಲಕ್ಕೆ ಉದ್ದ ಬಾಲ ಬಿಟ್ಟಿರುತ್ತವೆ, ಹಾಗಾಗಿ ಬರೀ ಸರಾಸರಿ ನಂಬಬೇಡಿ, ಮಧ್ಯಾಂಕ ನೋಡಿ ಅಥವಾ ಲಾಗರಿದಮ್ ತೆಗೆದುಕೊಳ್ಳಿ. ಕೋಡಿಂಗ್ ಭಾಷೆಗಳಾದ ಆರ್ ಅಥವಾ ಪೈಥಾನ್ ಕಲಿಯುವುದಕ್ಕೆ ಇದೇ ದತ್ತಾಂಶ ಸಾಕು.

ಭಾಗವಹಿಸುವವರೆಲ್ಲ 18 ದಾಟಿದವರಿರಲಿ, ಲಿಖಿತ ಒಪ್ಪಿಗೆ ಪಡೆಯಿರಿ, ಹೆಸರಿನ ಬದಲು ಸಂಖ್ಯೆ ಬರೆಯಿರಿ. ಪ್ರಕಟಿಸುವ ಉದ್ದೇಶವಿದ್ದರೆ ಶುರುಮಾಡುವ ಮೊದಲೇ ನೈತಿಕ ಸಮಿತಿಯ ಅನುಮತಿ ಬೇಕು, ಆಮೇಲೆ ಕೇಳಿದರೆ ಸಿಗುವುದಿಲ್ಲ. ಮನೆಮಾತು ಯಾವುದು, ಕನ್ನಡ ಓದಲು ಕಲಿತದ್ದು ಯಾವ ವಯಸ್ಸಿನಲ್ಲಿ ಎಂದು ತಪ್ಪದೆ ಬರೆದುಕೊಳ್ಳಿ. ನಮ್ಮ ಜಿಲ್ಲೆಯ ಬಲ ಇಲ್ಲಿದೆ: ಹವಿಗನ್ನಡ, ಕೊಂಕಣಿ, ಹಾಲಕ್ಕಿ ಕನ್ನಡ, ಭಟ್ಕಳದ ನವಾಯತಿ ಆಡುತ್ತ ಬೆಳೆದ ಮಕ್ಕಳು ಶಾಲೆಯಲ್ಲಿ ಓದುವುದು ಬೇರೆ ಕನ್ನಡ. ಕನ್ನಡದ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಮನೆಮಾತು ಬೇರೆಯಾದಾಗ ಆ ಕಲಿಕೆ ಹೇಗಿರುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ, ಅದನ್ನು ಕೇಳಲು ನಮಗಿಂತ ಒಳ್ಳೆಯ ಜಾಗದಲ್ಲಿ ಯಾರಿದ್ದಾರೆ?

ಇಇಜಿ ಬಗ್ಗೆ ಒಂದು ಮಾತು. ಮಿದುಳಿನಿಂದ ನೆತ್ತಿಗೆ ಬರುವ ಪದಸಂಬಂಧಿ ಸಂಕೇತ ಕೆಲವೇ ಮೈಕ್ರೋವೋಲ್ಟ್, ಕಣ್ಣು ಮಿಟುಕಿಸಿದರೆ ಬರುವುದು ನೂರರ ಆಸುಪಾಸು. ಅದಕ್ಕೇ ಒಂದೊಂದು ಬಗೆಯ ಪದವನ್ನೂ ಹತ್ತಾರು ಸಲ ತೋರಿಸಿ ಸರಾಸರಿ ತೆಗೆಯುವುದು. ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ತಡೆ 5 ಕಿಲೋಓಮ್‌ಗಿಂತ ಕಡಿಮೆ ಇರಲಿ ಅನ್ನುವುದು ಹಳೆಯ ರೂಢಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಂದವರಲ್ಲಿ ಅದು ಇಳಿಯುವುದೇ ಇಲ್ಲ, ಹಿಂದಿನ ರಾತ್ರಿ ತಲೆ ತೊಳೆದು ಎಣ್ಣೆ ಹಚ್ಚದೆ ಬನ್ನಿ ಎಂದು ಮೊದಲೇ ಹೇಳಬೇಕು. ಬೆವರಿದರೆ ಸಂಕೇತ ನಿಧಾನಕ್ಕೆ ಮೇಲೆ ಕೆಳಗೆ ಹೊಯ್ದಾಡುತ್ತದೆ, ಏಪ್ರಿಲ್ ಮೇ ತಿಂಗಳ ಕರಾವಳಿಯಲ್ಲಿ ಎಸಿ ಇಲ್ಲದೆ ಈ ಕೆಲಸ ಆಗದು. ಯಂತ್ರ ಇಲ್ಲದಿದ್ದರೂ ಕಲಿಕೆ ನಿಲ್ಲಬೇಕಿಲ್ಲ. ಓಪನ್‌ನ್ಯೂರೋ ತಾಣದಲ್ಲಿ ಪೂರ್ತಿ ದತ್ತಾಂಶ ಉಚಿತವಾಗಿ ಸಿಗುತ್ತದೆ, ಎಂಎನ್‌ಇ ಪೈಥಾನ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದು ವಿಶ್ಲೇಷಿಸಬಹುದು.

ನ್ಯೂರೋಸೈನ್ಸ್ ಸಂದರ್ಶನದಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಹೇಳುವುದು ಸಾಮಾನ್ಯ. ಒಂದನ್ನು ಈಗಲೇ ಮಾಡಿ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ನರಸಂಕೇತದ ಗಣಿತವನ್ನು 1952ರಲ್ಲಿ ಪ್ರಕಟಿಸಿದ್ದು ಸ್ಕ್ವಿಡ್‌ನ ನರತಂತು ಬಳಸಿ, 1963ರಲ್ಲಿ ನೊಬೆಲ್ ಬಂತು. ಕಾರವಾರದ ಬೈತಖೋಲ ಬಂದರಿನಲ್ಲಿ ಬುಟ್ಟಿಗಟ್ಟಲೆ ಇಳಿಯುವ ಬೊಂಡಾಸದ ಬಳಗವೇ ಅದು. ಅವರು ಬಳಸಿದ ತಂತುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಒಳಗೇ ಎಲೆಕ್ಟ್ರೋಡ್ ತೂರಿಸಲು ಬರುತ್ತಿತ್ತು. ಅದರೊಳಗೆ ಪೊಟ್ಯಾಸಿಯಂ ಸುಮಾರು 400 ಮಿಲಿಮೋಲಾರ್, ಹೊರಗೆ 20. ಪೊರೆಯ ಒಳಗೆ ಹೊರಗೆ ಇರುವ ಅಯಾನುಗಳ ಪ್ರಮಾಣದಿಂದ ವೋಲ್ಟೇಜ್ ಲೆಕ್ಕಹಾಕುವ ನರ್ನ್‌ಸ್ಟ್ ಸಮೀಕರಣದಲ್ಲಿ 58ನ್ನು 20/400ರ ಲಾಗರಿದಮ್‌ನಿಂದ, ಅಂದರೆ −1.3ರಿಂದ ಗುಣಿಸಿದರೆ ಸುಮಾರು −75 ಮಿಲಿವೋಲ್ಟ್. ಮುಂದಿನ ಪ್ರಶ್ನೆ ಖಂಡಿತ ಬರುತ್ತದೆ: ಅಳೆದಾಗ ಇದಕ್ಕಿಂತ ಕಡಿಮೆ ಋಣ ಬರುವುದೇಕೆ? ಸೋಡಿಯಂ ಕೂಡ ಸ್ವಲ್ಪ ಒಳಗೆ ಸೋರುತ್ತಿರುತ್ತದೆ, ಅದಕ್ಕೆ. ಹೊರಗಿನ ಪೊಟ್ಯಾಸಿಯಂ ದುಪ್ಪಟ್ಟಾದರೆ? 58ನ್ನು 0.3ರಿಂದ ಗುಣಿಸಿ, ಸುಮಾರು 17 ಮಿಲಿವೋಲ್ಟ್ ಸೊನ್ನೆಯತ್ತ ಸರಿಯುತ್ತದೆ. ಈ ಮೂರು ಹೆಜ್ಜೆ ತಡವರಿಸದೆ ಹೇಳಿದವರನ್ನು ಯಾವ ಕಾಲೇಜಿನವರು ಎಂದು ಯಾರೂ ಕೇಳುವುದಿಲ್ಲ.

ಮನೆಯವರ ಆತಂಕ ಸಣ್ಣದಲ್ಲ, ಅವರಿಗೆ ಅಂಕಿ ತೋರಿಸಿ ಮಾತಾಡಿ. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ ₹37,000, ಎರಡು ವರ್ಷದ ನಂತರ ₹42,000, ಮನೆಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿ ಐದಾರು ವರ್ಷ ಹಿಡಿಯುತ್ತದೆ. ಆಮೇಲೆ ಅಧ್ಯಾಪಕ ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡಬೇಡಿ. ದತ್ತಾಂಶ ವಿಶ್ಲೇಷಣೆ, ಬಳಕೆದಾರರ ಅಧ್ಯಯನ, ಆಸ್ಪತ್ರೆಗಳ ಸಂಶೋಧನಾ ವಿಭಾಗ ಇವು ಉಳಿದ ದಾರಿಗಳು. ಮತ್ತೊಂದು ಸ್ಪಷ್ಟವಿರಲಿ: ಕಾಗ್ನಿಟಿವ್ ಸೈನ್ಸ್ ಎಂಎಸ್ಸಿ ಮಾಡಿದವರು ರೋಗಿಗಳಿಗೆ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಮಾನ್ಯ ಮಾಡಿದ ಬೇರೆಯೇ ಕೋರ್ಸ್ ಬೇಕು.

ವಿದೇಶದ ಯೋಚನೆ ಇದ್ದರೆ, ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಮೂರು ವರ್ಷದ ಬಿಎಸ್ಸಿ ಆದವರು ಇಲ್ಲಿ ಎಂಎಸ್ಸಿ ಮುಗಿಸಿ ಹೋಗುವುದು ಮೇಲು. ಜರ್ಮನಿಯ ಟ್ಯೂಬಿಂಗೆನ್, ಓಸ್ನಾಬ್ರುಕ್‌ಗಳಲ್ಲಿ ಒಳ್ಳೆಯ ಸ್ನಾತಕೋತ್ತರ ಕೋರ್ಸುಗಳಿವೆ. ವೀಸಾಗೆ ಎಪಿಎಸ್ ಪ್ರಮಾಣಪತ್ರ (ನಿಮ್ಮ ಅಂಕಪಟ್ಟಿ ಪರಿಶೀಲಿಸಿ ಕೊಡುವುದು) ಬೇಕು, ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ಖಾತೆ) ಒಂದು ವರ್ಷದ ಖರ್ಚು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ.

ಅರ್ಜಿಗಳ ಜೊತೆಗೇ ಲ್ಯಾಬ್‌ಗಳಿಗೆ ಇಂಟರ್ನ್‌ಶಿಪ್ ಕೇಳಿ ಮೇಲ್ ಬರೆಯಿರಿ. ಐವತ್ತು ಜನರಿಗೆ ಒಂದೇ ಮೇಲ್ ಕಳಿಸಿದರೆ ಅದು ಹೋದಲ್ಲೇ ಕಸವಾಗುತ್ತದೆ. ಐದಾರು ಲ್ಯಾಬ್ ಸಾಕು. ಒಂದೊಂದರ ಒಂದು ಲೇಖನ ಪೂರ್ತಿ ಓದಿ, ಅದರ ಒಂದು ಚಿತ್ರದ ಬಗ್ಗೆ ನಿಮಗೆ ಹುಟ್ಟಿದ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಕೇಳಿ. ಆಮೇಲೆ ನೀವು ಮಾಡಿದ ಪ್ರಯೋಗ, ಅದರ ಕೋಡ್ ಮತ್ತು ದತ್ತಾಂಶ ಇಟ್ಟಿರುವ ಕೊಂಡಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ, ಒಂದು ಪುಟದ ಬಯೋಡೇಟಾ. ಒಟ್ಟು 150 ಪದ ದಾಟದಿರಲಿ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೂ ಬರದಿದ್ದರೆ ಮುಂದಿನ ಲ್ಯಾಬ್‌ಗೆ ಬರೆಯಿರಿ.