ಮ್ಯೂನಿಕ್‌ನಲ್ಲಿ ಆಫೀಸಿನ ಕೆಳಗೆ ಟೀ ಅಂಗಡಿ ಇರುವುದಿಲ್ಲ

ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೋಗಿ ಐದು ತಿಂಗಳಾದ ಒಬ್ಬ ಹುಡುಗ ನನಗೆ ಉದ್ದದ ಪತ್ರ ಬರೆದಿದ್ದಾನೆ. ವಿಷಯ ಇಷ್ಟು. ಅವನು ಸೇರಿದ ಮೇಲೆ ಆಗಲೇ ಮೂರನೇ ಮ್ಯಾನೇಜರ್ ಬಂದಿದ್ದಾನೆ. ಈಗಿನವನು ಸೋಮವಾರ ಒಂದು ಕೆಲಸ ಹೇಳುತ್ತಾನೆ, ಗುರುವಾರ ಅದನ್ನು ಯಾಕೆ ಮಾಡಿದೆ ಅಂತ ಎಲ್ಲರ ಮುಂದೆ ಬೈಯುತ್ತಾನೆ. ಬರ್ಲಿನ್‌ನಲ್ಲಿ ಕೂತಿರುವ ಇನ್ನೊಬ್ಬ ದೊಡ್ಡವನು ಬೇರೆಯದೇ ಪಟ್ಟಿ ಕಳಿಸುತ್ತಾನೆ. ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗಿ ಐದು ನಿಮಿಷಕ್ಕೆ ಜರ್ಮನ್‌ಗೆ ತಿರುಗುತ್ತದೆ. ಉಳಿದವರು ಐದು ಗಂಟೆಗೆ ಹೊರಡುತ್ತಾರೆ, ಇವನು ರಾತ್ರಿ ಒಂಬತ್ತರ ತನಕ ಕೂರುತ್ತಾನೆ. "ಅಕ್ಕಾ, ಬಿಟ್ಟು ವಾಪಸ್ ಬಂದುಬಿಡಲಾ? ಕಂಪ್ಲೇಂಟ್ ಕೊಟ್ಟರೆ ವೀಸಾಗೆ ತೊಂದರೆ ಆಗುತ್ತಾ? ಜರ್ಮನ್ ಕಲೀಲೇಬೇಕಾ? ಬಾಡಿಗೆ ಎಲ್ಲ ಕಡೆ ಹೀಗೇನಾ? ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ" ಅಂತ ಕೇಳಿದ್ದಾನೆ.

ಇದೇ ಪ್ರಶ್ನೆ ಇನ್ನೂ ಕೆಲವರಿಗೆ ಇರುತ್ತದೆ ಅಂತ ಇಲ್ಲೇ ಬರೆಯುತ್ತಿದ್ದೇನೆ. ಅಕ್ಕಾ ಅಂದಿದ್ದೀಯ, ಅದಕ್ಕೆ ನೀನು ಅಂತಲೇ ಕರೆಯುತ್ತೇನೆ, ಬೇಜಾರಿಲ್ಲ ತಾನೇ? ನಾನೀಗ ರಜೆಗೆ ಬಂದು ರಾಮಮೂರ್ತಿನಗರದಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ದೇನೆ. ಹೊರಗೆ ಯಾರೋ ಬೋರ್‌ವೆಲ್ ಕೊರೆಸುತ್ತಿದ್ದಾರೆ, ಆ ಸದ್ದಿನಲ್ಲೇ ಬರೆಯುತ್ತಿದ್ದೇನೆ.

ಸಣ್ಣ ಪ್ರಶ್ನೆಗಳು ಮೊದಲು ಮುಗಿಯಲಿ. ಬಾಡಿಗೆ ಹೌದು, ಮ್ಯೂನಿಕ್‌ನಲ್ಲಿ ಹೀಗೇ. ನಮ್ಮ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದಿಲ್ಲ, ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ತೆಗೆದುಕೊಳ್ಳುವಂತಿಲ್ಲ, ಅದೊಂದೇ ಸಮಾಧಾನ. ಜರ್ಮನ್ ಕಲಿ. ಬ್ಲೂ ಕಾರ್ಡ್ ಅಂದರೆ ಓದಿದ ವಿದೇಶಿಯರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ, ಅದು ಇರುವವರಿಗೆ ಬಿ1, ಅಂದರೆ ಮಧ್ಯಮ ಮಟ್ಟದ ಭಾಷೆ ಬಂದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಎ1, ಅಂದರೆ ಆರಂಭದ ಮಟ್ಟ ಮಾತ್ರ ಇದ್ದರೆ 27 ತಿಂಗಳು ಕಾಯಬೇಕು. ಇಷ್ಟು ಸಾಕು ಅಲ್ವಾ ಕಾರಣ? ಅಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟಿದ್ದು. ನೀನು ಹೇಳದಿದ್ದರೂ ವಿಡಿಯೋ ಕಾಲ್‌ನಲ್ಲಿ ಮುಖ ನೋಡಿದ ಮೇಲೆ ಅವರಿಗೆ ಗೊತ್ತಾಗಿರುತ್ತದೆ.

ಈಗ ಆಫೀಸು.

ನಿನ್ನ ಮ್ಯಾನೇಜರ್ ಕೆಟ್ಟವನು ಅಂತ ಒಪ್ಪಿದೆ. ಆದರೆ ಬೆಂಗಳೂರಿನಲ್ಲಿ ಎಂಥೆಂಥವರನ್ನು ಕಂಡಿಲ್ಲ ನಾವು! ನನ್ನ ಹಳೇ ಆಫೀಸಿನಲ್ಲಿ ಸಂಜೆ ಆರೂವರೆಗೆ ಬ್ಯಾಗ್ ಎತ್ತಿಕೊಂಡರೆ ಮ್ಯಾನೇಜರ್ ವಾಚ್ ನೋಡಿಕೊಂಡು "ಏನಮ್ಮಾ, ಹಾಫ್ ಡೇನಾ?" ಅನ್ನುತ್ತಿದ್ದ. ಅಪ್ರೈಸಲ್ ಫಾರ್ಮ್ ನಾವೇ ತುಂಬಿ, ಅದಕ್ಕೆ ಅವನು ಹೇಳಿದ ರೇಟಿಂಗನ್ನು ನಾವೇ ಹಾಕಿಕೊಳ್ಳುತ್ತಿದ್ದೆವು. ಆದರೂ ಬದುಕಿದೆವು. ಯಾಕೆ ಅಂದರೆ ಆಫೀಸಿನ ಗೇಟಿನಾಚೆ ಹೊಂಗೆ ಮರದ ಕೆಳಗೆ ಒಂದು ಟೀ ಅಂಗಡಿ ಇತ್ತು.

ಆ ಅಂಗಡಿಯಲ್ಲಿ ನಡೆಯದ ವ್ಯವಹಾರ ಇರಲಿಲ್ಲ. ಬೈಟು ಟೀ ಹಿಡಿದು ನಿಂತರೆ ಯಾವ ಪ್ರಾಜೆಕ್ಟ್ ಮುಚ್ಚುತ್ತಾರೆ, ಯಾರು ಪೇಪರ್ ಹಾಕಿದ್ದಾರೆ, ಕ್ಲೈಂಟ್ ಯಾಕೆ ಕೂಗಾಡಿದ, ಎಲ್ಲ ಗೊತ್ತಾಗುತ್ತಿತ್ತು. ಎಚ್‌ಆರ್‌ನ ಹುಡುಗಿ ಅಲ್ಲೇ ಬನ್ ತಿನ್ನುತ್ತಾ "ಈ ವಾರ ರಜೆ ಕೇಳಬೇಡಿ" ಅನ್ನುತ್ತಿದ್ದಳು. ಬೆಳಿಗ್ಗೆ ಬೈದ ಮ್ಯಾನೇಜರ್ ಕೂಡ ನಾಲ್ಕು ಗಂಟೆಗೆ ಅಲ್ಲಿಗೇ ಬಂದು ನಮ್ಮ ಟೀ ದುಡ್ಡನ್ನೂ ತಾನೇ ಕೊಟ್ಟು ಹೋಗುತ್ತಿದ್ದ. ಅದು ಅವನ ಕ್ಷಮಾಪಣೆ ಅಂತ ನಮಗೆ ಅರ್ಥವಾಗುತ್ತಿತ್ತು. ತೀರಾ ಆಗಲಿಲ್ಲ ಅಂದರೆ ಎದುರಿನ ಟೆಕ್ ಪಾರ್ಕ್‌ನಲ್ಲಿ ಇಂಟರ್‌ವ್ಯೂ ಕೊಟ್ಟು, ಜಾಸ್ತಿ ಸಂಬಳಕ್ಕೆ ಜಿಗಿಯುವುದು ಇದ್ದೇ ಇತ್ತು.

ನಾನು 2012ರ ಫೆಬ್ರವರಿಯಲ್ಲಿ ಮ್ಯೂನಿಕ್‌ಗೆ ಹೋದೆ. ಆ ಸಲ ಯುರೋಪಿಗೆಲ್ಲ ಭಾರಿ ಚಳಿ ಬಿದ್ದಿತ್ತು. ಚಳಿಗೆ ಜಾಕೆಟ್ ಇತ್ತು, ಸುದ್ದಿಗೆ ಅಂಗಡಿ ಇರಲಿಲ್ಲ. ಮೂಲೆಯಲ್ಲಿ ಕಾಫಿ ಯಂತ್ರ, ಬಟನ್ ಒತ್ತಿ, ಕಪ್ ಎತ್ತಿಕೊಂಡು ಎಲ್ಲರೂ ತಮ್ಮ ತಮ್ಮ ಸೀಟಿಗೆ. ಮ್ಯಾನೇಜರ್ ಸಿಟ್ಟಾಗಿದ್ದಾನಾ, ಅಥವಾ ಅವನ ಮಾತೇ ಹಾಗಾ ಅಂತ ಕೇಳಲು ಒಬ್ಬರೂ ಇಲ್ಲ. ನಿನಗೂ ಈಗ ಆಗುತ್ತಿರುವುದು ಇದೇ ಅಂತ ನನಗನ್ನಿಸುತ್ತದೆ. ಒಬ್ಬನೇ ರೂಮಿಗೆ ಬಂದು, ಅವನು ಹೇಳಿದ ಮಾತನ್ನೇ ಮೊಸರನ್ನದ ಜೊತೆ ತಿರುಗಿಸಿ ತಿರುಗಿಸಿ ಯೋಚಿಸುತ್ತೀಯ.

ನಮ್ಮಲ್ಲಿ ಟೀ ಅಂಗಡಿ ಮಾಡುವ ಕೆಲಸವನ್ನು ಅಲ್ಲಿ ಕಾಗದ ಮಾಡುತ್ತದೆ. ನಾಳೆಯಿಂದಲೇ ಒಂದು ಅಭ್ಯಾಸ ಇಟ್ಟುಕೋ. ಬಾಯಲ್ಲಿ ಏನು ಹೇಳಿದರೂ, ಹತ್ತು ನಿಮಿಷದೊಳಗೆ ಒಂದು ಸಣ್ಣ ಮೇಲ್ ಹಾಕು. "ಇವತ್ತು ಮಾತಾಡಿದ್ದು ಇಷ್ಟು. ಮೊದಲು ಇದನ್ನು ಮಾಡುತ್ತೇನೆ, ಬುಧವಾರ ಮುಗಿಯುತ್ತದೆ. ಬರ್ಲಿನ್‌ನಿಂದ ಬಂದ ಪಟ್ಟಿಯ ಕೆಲಸ ಆಮೇಲೆ. ಬೇರೆ ಕ್ರಮ ಬೇಕಿದ್ದರೆ ನಾಳೆ ಹನ್ನೆರಡರೊಳಗೆ ತಿಳಿಸಿ." ಇಬ್ಬರು ಯಜಮಾನರಿಗೂ ಒಂದೇ ಮೇಲ್. ದೂರು ಬೇಡ, ವಿವರಣೆ ಬೇಡ, ಸಾರಿ ಅಂತೂ ಬೇಡವೇ ಬೇಡ. ನಮಗೆ ಇದು ಉದ್ಧಟತನ ಅನ್ನಿಸುತ್ತದೆ. ಅವರಿಗೆ ಹಾಗೆ ಅನ್ನಿಸುವುದಿಲ್ಲ. ನಾನು ಹೀಗೆ ಶುರು ಮಾಡಿದ ಮೇಲೆ ನನ್ನ ಇಬ್ಬರು ಮೇಲಿನವರ ಜಗಳ ಅವರವರಲ್ಲೇ ನಡೆಯಿತು. ನನ್ನ ಮೇಜಿನ ತನಕ ಬರಲಿಲ್ಲ.

ಜೊತೆಗೆ ಎರಡು ಎಚ್ಚರಿಕೆ. ಸಾಕ್ಷಿ ಇರಲಿ ಅಂತ ಫೋನಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಬೇಡ, ಜರ್ಮನಿಯಲ್ಲಿ ಅದು ಅಪರಾಧ. ಆಫೀಸಿನ ಮೇಲ್‌ಗಳನ್ನು ನಿನ್ನ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡ, ಅದೇ ನೆಪಕ್ಕೆ ತೆಗೆಯಬಹುದು. ಮನೆಯಲ್ಲಿ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆದಿಡು.

ರಾತ್ರಿ ಒಂಬತ್ತರ ತನಕ ಕೂರುವುದನ್ನು ನಿಲ್ಲಿಸು. ಜರ್ಮನ್ ಕಾನೂನಿನಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ, ಹೆಚ್ಚೆಂದರೆ ಹತ್ತು. ಮುಗಿಸಿ ಮತ್ತೆ ಶುರು ಮಾಡುವುದಕ್ಕೆ 11 ಗಂಟೆ ಬಿಡುವಿರಬೇಕು. ನೀನು ತಡವಾಗಿ ಕೂತರೆ ಕಷ್ಟಪಡುವ ಹುಡುಗ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಕೆಲಸ ಬರದವನು ಅಂದುಕೊಳ್ಳುತ್ತಾರೆ. ಜ್ವರ ಬಂದರೆ ರಜೆ ಹಾಕಿ ಮಲಗು. ಮೂರು ದಿನಕ್ಕಿಂತ ಜಾಸ್ತಿ ಆದರೆ ಡಾಕ್ಟರ ಚೀಟಿ ಬೇಕು. ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ, ನಿನ್ನ ಕರಾರು ಓದಿ ನೋಡು.

ನಿನ್ನ ಪ್ರೊಬೇಷನ್ ಇನ್ನೊಂದು ತಿಂಗಳಿದೆ. ಈ ಆರು ತಿಂಗಳಲ್ಲಿ ಅವರು ಕಾರಣ ಕೊಡದೆ ಎರಡು ವಾರದ ನೋಟಿಸ್‌ನಲ್ಲಿ ತೆಗೆಯಬಹುದು. ನೀನೂ ಎರಡೇ ವಾರದಲ್ಲಿ ಬಿಡಬಹುದು. ಬೆಂಗಳೂರಿನ ತೊಂಬತ್ತು ದಿನದ ನೋಟಿಸ್, ರಿಲೀವಿಂಗ್ ಲೆಟರ್‌ಗೆ ಅಲೆದಾಟ ನೋಡಿದವರಿಗೆ ಇದು ಸ್ವರ್ಗದಂತೆ ಕಾಣುತ್ತದೆ. ಹಾಗಂತ ಸಿಟ್ಟಿನಲ್ಲಿ ಬಿಡಬೇಡ. ಹತ್ತು ಜನಕ್ಕಿಂತ ಜಾಸ್ತಿ ಇರುವ ಕಂಪನಿಯಲ್ಲಿ ಆರು ತಿಂಗಳು ದಾಟಿದರೆ ಸುಮ್ಮಸುಮ್ಮನೆ ತೆಗೆಯುವುದಕ್ಕೆ ಆಗುವುದಿಲ್ಲ, ಕಾನೂನು ಒಪ್ಪುವ ಕಾರಣ ಬೇಕು. ನಿರುದ್ಯೋಗ ಭತ್ಯೆಗೆ ಕನಿಷ್ಠ 12 ತಿಂಗಳು ವಂತಿಗೆ ಕಟ್ಟಿರಬೇಕು, ನಿನ್ನದು ಆಗಿಲ್ಲ, ಆ ದುಡ್ಡಿನ ಲೆಕ್ಕ ಈಗ ಹಾಕಬೇಡ. ಬೇರೆ ಕೆಲಸ ಕೈಯಲ್ಲಿಟ್ಟುಕೊಂಡೇ ಇದನ್ನು ಬಿಡು. ಬ್ಲೂ ಕಾರ್ಡ್‌ನ ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಕೆಲಸ ಹೋಗುತ್ತದೆ ಅಂತ ಗೊತ್ತಾದರೆ ಎರಡು ವಾರದೊಳಗೆ ತಿಳಿಸಬೇಕು. ಕಂಪ್ಲೇಂಟ್ ಕೊಟ್ಟಿದ್ದಕ್ಕೆ ಆ ಕಚೇರಿಯವರು ವೀಸಾ ಮುಟ್ಟುವುದಿಲ್ಲ. ಅವರಿಗೆ ನಿನ್ನ ಕೆಲಸ ಇದೆಯಾ ಅನ್ನುವುದು ಮುಖ್ಯ, ಮ್ಯಾನೇಜರ್‌ಗೆ ನೀನು ಇಷ್ಟವಾ ಅನ್ನುವುದಲ್ಲ.

ಇನ್ನು ಕಂಪ್ಲೇಂಟ್ ಯಾರಿಗೆ ಕೊಡುವುದು? ನಿನ್ನ ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್ ಇದೆಯಾ ಕೇಳಿ ನೋಡು. ಅದು ನೌಕರರೇ ಓಟು ಹಾಕಿ ಆರಿಸುವ ಮಂಡಳಿ. ಐದು ಜನ ನೌಕರರಿದ್ದರೂ ಮಾಡಿಕೊಳ್ಳಬಹುದು, ಆದರೆ ಎಷ್ಟೋ ಸಣ್ಣ ಕಂಪನಿಗಳಲ್ಲಿ ಇರುವುದಿಲ್ಲ. ಇದ್ದರೆ ಮಾತ್ರ, ಯಾರನ್ನೇ ತೆಗೆಯುವ ಮುಂಚೆ ಕಂಪನಿ ಆ ಮಂಡಳಿಗೆ ಹೇಳಲೇಬೇಕು, ಪ್ರೊಬೇಷನ್‌ನಲ್ಲಿದ್ದರೂ ಸರಿ. ಹೇಳದೆ ತೆಗೆದರೆ ಅದು ಊರ್ಜಿತವಾಗುವುದಿಲ್ಲ.

ನನಗೆ ಇದು ವಿಚಿತ್ರವಾಗಿ ಕಂಡಿತ್ತು. ವಿಚಿತ್ರವಾಗಿ ಕಾಣಬಾರದಿತ್ತು. ಅಪ್ಪ ದೂರವಾಣಿನಗರದ ಐಟಿಐ ಅನ್ನುವ ಸರ್ಕಾರಿ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1980ರ ಡಿಸೆಂಬರ್‌ನಿಂದ 81ರ ಮಾರ್ಚ್‌ವರೆಗೆ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್, ಐಟಿಐ ಈ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರೆಲ್ಲ ಸೇರಿ 77 ದಿನ ಮುಷ್ಕರ ಮಾಡಿದರಲ್ಲ, ಆಗ ಅಂಗಡಿಯವರು ಅಕ್ಕಿ ಬೇಳೆ ಸಾಲ ಕೊಟ್ಟಿದ್ದನ್ನು ಅಮ್ಮ ಇವತ್ತಿಗೂ ಹೇಳುತ್ತಾರೆ. ಅಂಥ ಮನೆಯಲ್ಲಿ ಬೆಳೆದ ನಾವು ಕಂಪ್ಯೂಟರ್ ಮುಂದೆ ಕೂತ ತಕ್ಷಣ ಯೂನಿಯನ್ ಅನ್ನುವುದು ಫ್ಯಾಕ್ಟರಿಯವರ ವಿಷಯ ಅಂದುಕೊಂಡೆವು. ಈಗ ಬೆಂಗಳೂರಿನಲ್ಲೂ ಕೆಐಟಿಯು ಅಂತ ಐಟಿಯವರ ಸಂಘ ಇದೆ. 2024ರಲ್ಲಿ ದಿನಕ್ಕೆ 14 ಗಂಟೆ ಕೆಲಸ ಮಾಡಿಸುವ ಪ್ರಸ್ತಾಪ ಬಂದಾಗ ಅವರು ಗಟ್ಟಿಯಾಗಿ ವಿರೋಧಿಸಿದರು. ಅಪ್ಪ ಆ ಸುದ್ದಿಯನ್ನು ಪೇಪರ್‌ನಿಂದ ಕತ್ತರಿಸಿ ನನಗೆ ವಾಟ್ಸ್ಯಾಪ್‌ನಲ್ಲಿ ಫೋಟೋ ಕಳಿಸಿದ್ದರು.

ಒಂದು ವಿಷಯವನ್ನಂತೂ ಮರೆಯಬೇಡ. ಮ್ಯೂನಿಕ್‌ನ ನನ್ನ ಮೊದಲ ಕಂಪನಿಯಲ್ಲಿ ದಾವಣಗೆರೆ ಕಡೆಯವನೊಬ್ಬ ಇದ್ದ, ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವನು. ನಾವಿಬ್ಬರೂ ದಿನಾ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಒಂದು ಶುಕ್ರವಾರ ನಾಲ್ಕು ಗಂಟೆಗೆ ಅವನನ್ನು ಒಳಗೆ ಕರೆದರು. ಮೇಜಿನ ಮೇಲೆ ಎರಡು ಹಾಳೆ, ಒಂದು ಪೆನ್ನು. "ಒಪ್ಪಂದದ ಮೇಲೆ ಬೇರೆಯಾಗೋಣ, ಒಂದು ತಿಂಗಳ ಸಂಬಳ ಜಾಸ್ತಿ ಕೊಡುತ್ತೇವೆ, ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತೇವೆ, ಈಗಲೇ ಸಹಿ ಮಾಡಿದರೆ ನಿಮಗೇ ಒಳ್ಳೆಯದು." ಅವನು ಸಹಿ ಮಾಡಿದ. ಬೆಂಗಳೂರಿನಲ್ಲಿ ಅವನು ಕಂಡಿದ್ದು ಅದನ್ನೇ ತಾನೇ? ರಾಜೀನಾಮೆ ನೀನೇ ಕೊಡು, ಇಲ್ಲದಿದ್ದರೆ ನಾವು ತೆಗೆದೆವು ಅಂತ ಬರೆಯುತ್ತೇವೆ ಅಂದರೆ, ಹೆಸರು ಕೆಡದಿದ್ದರೆ ಸಾಕು ಅಂತ ಯಾರಾದರೂ ಸಹಿ ಮಾಡುತ್ತಾರೆ.

ಆ ಹಾಳೆಗೆ ಔಫ್‌ಹೇಬುಂಗ್ಸ್‌ಫರ್‌ಟ್ರಾಗ್ ಅನ್ನುತ್ತಾರೆ. ಒಮ್ಮೆ ಸಹಿ ಬಿದ್ದರೆ ಮನಸ್ಸು ಬದಲಿಸಿ ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ನಿನ್ನ ಒಪ್ಪಿಗೆಯಿಂದಲೇ ಕೆಲಸ ಹೋಗಿದೆ ಅಂತ ಲೆಕ್ಕವಾಗಿ, ನಿರುದ್ಯೋಗ ಭತ್ಯೆ 12 ವಾರದವರೆಗೆ ನಿಲ್ಲಬಹುದು. ಅವನದು ನಿಂತಿತು. ಅವನಿಗೆ ಒಂದೂವರೆ ವರ್ಷ ಸರ್ವೀಸ್ ಆಗಿತ್ತು. ಸಹಿ ಮಾಡದೆ ಇದ್ದಿದ್ದರೆ ಕಂಪನಿ ಕಾರಣ ಕೊಟ್ಟು ಕಾಗದದ ಮೇಲೆ ಶಾಯಿಯ ಸಹಿ ಹಾಕಿ ತೆಗೆಯಬೇಕಿತ್ತು, ಇಮೇಲ್ ನಡೆಯುವುದಿಲ್ಲ. ಆ ಪತ್ರ ಕೈಗೆ ಬಂದು ಮೂರು ವಾರದೊಳಗೆ ಅವನು ಕಾರ್ಮಿಕ ಕೋರ್ಟಿಗೆ ಹೋಗಬಹುದಿತ್ತು. ಬೆಟ್ರೀಬ್ಸ್‌ರಾಟ್‌ನ ಕೋಣೆ ಅದೇ ಮಹಡಿಯಲ್ಲಿ, ಪ್ರಿಂಟರ್ ಪಕ್ಕದಲ್ಲಿತ್ತು. ಎಷ್ಟೋ ಸಲ ಅದರ ಬಾಗಿಲ ಮುಂದೆ ನಿಂತು ನಾವಿಬ್ಬರೂ ಪ್ರಿಂಟ್ ತೆಗೆದುಕೊಂಡಿದ್ದೇವೆ.

ಅವನು ನನಗೆ ವಿಷಯ ಹೇಳಿದ್ದು ಎಷ್ಟೋ ದಿನದ ಮೇಲೆ. ನಾಚಿಕೆ ಅಂತೆ. ಮೊದಲೇ ಕೇಳಿದ್ದರೂ ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ, ಅದು ಬೇರೆ ಮಾತು. ಆದರೂ ಇಬ್ಬರು ಸೇರಿದ್ದರೆ ಆ ಬಾಗಿಲು ತಟ್ಟುತ್ತಿದ್ದೆವು ಅನ್ನಿಸುತ್ತದೆ. ಬೇಸಿಗೆ ಮುಗಿಯುವುದರೊಳಗೆ ಅವರು ಮನೆ ಖಾಲಿ ಮಾಡಿ ಊರಿಗೆ ಬಂದರು. ಅವನ ಹೆಂಡತಿ ಜರ್ಮನ್ ಪರೀಕ್ಷೆಗೆ ಕಟ್ಟಿದ ಫೀಸೂ ಹೋಯಿತು.

ಈ ವಾರ ಅವನನ್ನು ಟಿನ್ ಫ್ಯಾಕ್ಟರಿ ಹತ್ತಿರದ ದರ್ಶಿನಿಯಲ್ಲಿ ಕಂಡೆ. ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಈಗ ಅವನೇ ಮ್ಯಾನೇಜರ್. ಹೊಟ್ಟೆ ಬಂದಿದೆ, ಚೆನ್ನಾಗಿದ್ದಾನೆ. ತನ್ನ ಟೀಮಿನಲ್ಲಿ ಯಾರನ್ನಾದರೂ ತೆಗೆಯಲು ಎಚ್‌ಆರ್‌ನವರು ಹಾಳೆ ತಂದರೆ, "ಮನೆಗೆ ತಗೊಂಡು ಹೋಗಿ ಓದಿ, ನಾಳೆ ಬನ್ನಿ" ಅಂತ ಕಳಿಸುತ್ತಾನಂತೆ. ಎಚ್‌ಆರ್‌ನವರಿಗೆ ಅವನನ್ನು ಕಂಡರೆ ಆಗುವುದಿಲ್ಲ.

ನೀನೂ ಆ ಒಂದು ವಾಕ್ಯವನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡು: ಮನೆಗೆ ತೆಗೆದುಕೊಂಡು ಹೋಗಿ ಓದುತ್ತೇನೆ. ಎದುರಿಗಿದ್ದವರು ಎಷ್ಟು ನಗುನಗುತ್ತಾ ಮಾತಾಡಿದರೂ ಅವತ್ತು ಪೆನ್ನು ಮುಟ್ಟಬೇಡ.

ಮತ್ತೆ ಮಧ್ಯಾಹ್ನ ಹನ್ನೆರಡಕ್ಕೆ ಅವರೆಲ್ಲ ಊಟಕ್ಕೆ ಹೊರಟಾಗ ಜೊತೆಗೆ ಹೋಗು, ಡಬ್ಬಿ ಇದ್ದರೂ ಹೋಗು. ಭಾಷೆ ಅರ್ಧ ಅರ್ಥವಾಗದಿದ್ದರೂ ಪರವಾಗಿಲ್ಲ, ಒಬ್ಬರಾದರೂ ನಿನ್ನ ಪಕ್ಕ ತಿರುಗಿ ಇಂಗ್ಲಿಷಿನಲ್ಲಿ ಹೇಳುತ್ತಾರೆ. ನನಗೆ ಹಾಗೆ ಸಿಕ್ಕವಳು ಲೆಕ್ಕಪತ್ರ ವಿಭಾಗದ ಒಬ್ಬ ಹಿರಿಯ ಹೆಂಗಸು. ಆಫೀಸಿನ ಒಳಸುದ್ದಿ ಅವಳಿಗೆ ಗೊತ್ತಿದ್ದಷ್ಟು ಯಾವ ಡೈರೆಕ್ಟರ್‌ಗೂ ಗೊತ್ತಿರಲಿಲ್ಲ.

ವಾಪಸ್ ಬರುವ ವಿಷಯ. ಬರಬೇಡ ಅಂತ ನಾನು ಹೇಳುವುದಿಲ್ಲ. ಇಲ್ಲಿ ಬೆಳಿಗ್ಗೆ ಅಪ್ಪನ ಜೊತೆ ಫಿಲ್ಟರ್ ಕಾಫಿ ಕುಡಿಯುತ್ತಾ ಕೂತಿರುವಾಗ ಅಂಥ ಬುದ್ಧಿಮಾತು ನನ್ನ ಬಾಯಿಂದ ಬರುವುದೂ ಇಲ್ಲ. ಪ್ರೊಬೇಷನ್ ದಾಟಲಿ, ನಾಲ್ಕು ಕಡೆ ಅರ್ಜಿ ಹಾಕು, ಆಮೇಲೂ ಬೇಡ ಅನ್ನಿಸಿದರೆ ಬಾ.

ನಾನು ತಿಂಗಳ ಕೊನೆಗೆ ಮ್ಯೂನಿಕ್‌ಗೆ ಹೊರಡುತ್ತೇನೆ, ಬ್ಯಾಗಿನಲ್ಲಿ ಎರಡು ಕೆಜಿ ಜಾಗ ಇದೆ. ನಿಮ್ಮ ಅಮ್ಮನಿಗೆ ಹೇಳು, ಹುಳಿಪುಡಿ ಚಟ್ನಿಪುಡಿ ಏನಾದರೂ ಕೊಡುವುದಿದ್ದರೆ ಬಂದು ಕೊಡಲಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥವನ್ನು ಯುರೋಪಿನ ಕಸ್ಟಮ್ಸ್‌ನವರು ಬಿಡುವುದಿಲ್ಲ.